ಬರಿ ನೀರು: ಸರಿ

ಆ ದಿನ ನಾನು ಬರಿ ನೀರನ್ನು ಪರೀಕ್ಷಿಸಿದ್ದೆನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಲ್ಯಾಬ್ ಪುಸ್ತಕದಲ್ಲಿ ನನ್ನದೇ ಅಕ್ಷರದಲ್ಲಿ ‘ಬರಿ ನೀರು: ಸರಿ’ ಎಂದಿದೆ. ಆದರೆ ಆ ಸಾಲನ್ನು ನಾನು ಬೆಳಿಗ್ಗೆ ಬಂದ ಕೂಡಲೇ ತಾರೀಖಿನ ಜೊತೆಗೇ ಬರೆದುಬಿಡುತ್ತಿದ್ದೆ, ಪರೀಕ್ಷೆ ಆಮೇಲೆ. ಅದನ್ನು ಸಾಕ್ಷಿ ಎಂದು ಹೇಗೆ ನಂಬಲಿ?

ನಮ್ಮ ಕೆಲಸ ಇಷ್ಟು. ಚರ್ಮದ ಹೊರಪದರದಲ್ಲಿ ಜೀವಕೋಶಗಳ ನಡುವೆ ಕೊಬ್ಬಿನ ಅಣುಗಳಿವೆ. ಮೈಯೊಳಗಿನ ನೀರು ಆರಿಹೋಗದಂತೆ ಕಾಯುವುದು ಅವೇ. ಅಂಥ ಮೂರು ಬಗೆಯ ಕೊಬ್ಬನ್ನು ಕ್ಲೋರೋಫಾರ್ಮಿನಲ್ಲಿ ಕರಗಿಸಿ ಅಗಲ ತಟ್ಟೆಯ ನೀರಿನ ಮೇಲೆ ಹನಿ ಹನಿಯಾಗಿ ಬಿಡುತ್ತೇವೆ. ಕ್ಲೋರೋಫಾರ್ಮ್ ಆರಿದ ಮೇಲೆ ಒಂದೇ ಅಣುವಿನಷ್ಟು ದಪ್ಪದ ಪೊರೆ ಉಳಿಯುತ್ತದೆ. ಎರಡು ಬದಿಯ ಪಟ್ಟಿಗಳನ್ನು ನಿಧಾನವಾಗಿ ಹತ್ತಿರ ತಂದು ಅದನ್ನು ಒತ್ತಿದರೆ ಅಣುಗಳು ತಮ್ಮ ತಮ್ಮ ಗುಂಪು ಕಟ್ಟಿಕೊಳ್ಳುತ್ತವೆ. ಬೆರೆಸಿರುವ ಹೊಳೆಯುವ ಬಣ್ಣ ಒಳಗೆ ಸೇರದ ಕಾರಣ ಸೂಕ್ಷ್ಮದರ್ಶಕದಲ್ಲಿ ಆ ಗುಂಪುಗಳು ಬೆಳಕಿನ ನಡುವಿನ ಕಪ್ಪು ಮಚ್ಚೆಗಳಾಗಿ ಕಾಣುತ್ತವೆ. ಇದಕ್ಕೆಲ್ಲ ಮೊದಲು, ಏನೂ ಹಾಕದ ನೀರನ್ನು ಒಂದು ಸಲ ಒತ್ತಿ ನೋಡಬೇಕು. ಪರದೆಯ ಮೇಲೆ ಒತ್ತಡ ತೋರಿಸುವ ಗೆರೆ ಏರಿದರೆ ನೀರಿನಲ್ಲಿ ಜಿಡ್ಡಿದೆ ಎಂದರ್ಥ. ಬೆರಳು ತಾಗಿದ್ದರೂ ಸಾಕು. ಆ ಗೆರೆಯನ್ನು ಕಂಪ್ಯೂಟರಿನಲ್ಲಿ ಉಳಿಸುವ ರೂಢಿ ನಮ್ಮಲ್ಲಿರಲಿಲ್ಲ. ಪುಸ್ತಕದಲ್ಲಿ ಒಂದು ಸಾಲು ಬರೆದರೆ ಆಯಿತು.

ಆ ದಿನದ ಮಚ್ಚೆಗಳು ರಾಗಿ ಚೆಲ್ಲಿದ ಹಾಗೆ ಗುಂಡಗಿದ್ದವು. ನನ್ನ ಮಾರ್ಗದರ್ಶಕಿ ಮೇಡಂ ಕುರ್ಚಿ ಎಳೆದುಕೊಂಡು ಕೂತರು. “ಇಷ್ಟ್ ಚೆಂದದ್ದು ನಾನೇ ನೋಡಿಲ್ಲ ಕಣಮ್ಮ,” ಎಂದರು. ನಮ್ಮ ಸಂಶೋಧನಾ ಲೇಖನದ ಮೊದಲ ಚಿತ್ರ ಅದೇ ಎಂದು ತೀರ್ಮಾನವೂ ಆಯಿತು.

ಲೇಖನ ಕಳಿಸಲು ಮೂರು ದಿನ ಉಳಿದಿದ್ದ ಭಾನುವಾರ, ವಿಜಯನಗರದ ಮನೆಯಲ್ಲಿ ಅಮ್ಮ ಹರಳೆಣ್ಣೆ ಬಟ್ಟಲು ಹಿಡಿದು ಬಂದಳು. ಗ್ಲೌಸು, ಸೋಪು ಎಲ್ಲ ಸೇರಿ ನನ್ನ ಬೆರಳುಗಳು ಬಿರಿದಿದ್ದವು.

“ಊರೋರ ಚರ್ಮದ ವಿಷ್ಯ ಓದ್ತೀಯ. ನಿನ್ ಕೈ ನೋಡ್ಕೋ, ಜಲ್ಲಿ ಹೊತ್ತೋಳ್ ಥರ ಆಗಿದೆ.”

“ಬೇಡಮ್ಮ, ನಾಳೆ ಲ್ಯಾಬಿದೆ.”

“ಅವತ್ತು ಹಚ್ಚಿಸ್ಕೊಂಡೇ ಹೋದ್ಯಲ್ಲೇ? ಗುಂಡಗೆ ಏನೋ ಬಂತು ಅಂತ ಸಾಯಂಕಾಲ ಕುಣ್ಕೊಂಡ್ ಬಂದೆ ನೋಡು, ಅವತ್ತು.”

ಅಮ್ಮನ ನೆನಪೇ ತಪ್ಪಿರಬಹುದು. ಮೊನ್ನೆಯದನ್ನು ಮೂರು ವರ್ಷದ ಹಿಂದಿನದಕ್ಕೆ ಸೇರಿಸುವವಳು ಅವಳು. ಆದರೆ ಗ್ಲೌಸ್ ಉರಿಯುತ್ತದೆ ಎಂದು ನಾನು ಆಗಾಗ ತೆಗೆದಿಡುತ್ತಿದ್ದುದು ಮಾತ್ರ ನಿಜ. ಆ ದಿನವೂ ತೆಗೆದಿದ್ದೆನೇ? ನೆನಪಿಸಿಕೊಳ್ಳಲು ಹೋದರೆ ಒಮ್ಮೆ ಗ್ಲೌಸ್ ಹಾಕಿದ ಕೈ ಕಾಣುತ್ತದೆ, ಒಮ್ಮೆ ಬರಿಗೈ.

ಸೋಮವಾರ ಕೆಂಗೇರಿ ಕಡೆಗಿನ ಮೆಟ್ರೋದಲ್ಲಿ ದಾರಿಯುದ್ದಕ್ಕೂ ಬೆರಳು ಮೂಸಿಕೊಂಡು ಹೋದೆ. ಯಾರೂ ಬರುವ ಮೊದಲೇ ತಟ್ಟೆ ತೊಳೆದು ಬರಿ ನೀರನ್ನು ಒತ್ತಿದೆ. ಗೆರೆ ಏರಲಿಲ್ಲ. ಆಮೇಲೆ ಅದೇ ಮೂರು ಕೊಬ್ಬು, ಅದೇ ಅಳತೆ. ಮಚ್ಚೆಗಳು ಬಂದವು. ಆದರೆ ಒಂದೂ ಗುಂಡಗಿರಲಿಲ್ಲ. ಒಡೆದ ಗಾಜಿನ ಚೂರುಗಳ ಹಾಗೆ ಅಂಚು ಮುರಿದಿದ್ದವು. ಮೂರು ಸಲ ಮಾಡಿದೆ, ಮೂರು ಸಲವೂ ಚೂರುಗಳೇ.

ಹೇಳದೆ ಇದ್ದುಬಿಡಬಹುದಿತ್ತು. ಮೇಡಂ ಕೋಣೆಯ ಬಾಗಿಲಿನವರೆಗೆ ಹೋಗಿ ಎರಡು ಸಲ ವಾಪಸು ಬಂದೆ. ಕೊನೆಗೆ ಎಣ್ಣೆಯ ವಿಷಯವನ್ನೂ ಸೇರಿಸಿ ಹೇಳಿದಾಗ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನಾಳೆ ಆ ಎಣ್ಣೆ ತಗೊಂಡ್ ಬಾ,” ಎಂದರು.

ಮರುದಿನ ಸೂಜಿಯ ಮೊನೆಗೆ ಹರಳೆಣ್ಣೆ ತಾಗಿಸಿ ನೀರಿಗೆ ಮುಟ್ಟಿಸಿದೆವು. ಕೊಬ್ಬು ಹಾಕುವ ಮೊದಲೇ ಒತ್ತಿ ನೋಡಿದಾಗ ಗೆರೆ ಏರಿತು. ಅದೇ ನೀರಿನ ಮೇಲೆ ಕೊಬ್ಬಿನ ಹನಿ ಬಿಟ್ಟು ಒತ್ತಿದೆವು. ಮೊದಲು ಒಂದು, ಆಮೇಲೆ ನಾಲ್ಕೈದು, ಆಮೇಲೆ ಕಣ್ಣು ಹಾಯುವಷ್ಟಕ್ಕೂ ಗುಂಡನೆಯ ಮಚ್ಚೆಗಳು ಎದ್ದು ಬಂದವು. ಎಷ್ಟು ಚೆಂದ ಇದ್ದವು!

ಮೇಡಂ ಕಂಪ್ಯೂಟರಿನಲ್ಲಿ ಲೇಖನ ತೆರೆದು ಮೊದಲ ಚಿತ್ರ ಅಳಿಸಿದರು. ನಾನು ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅವರು ನನ್ನ ಲ್ಯಾಬ್ ಪುಸ್ತಕ ಎಳೆದುಕೊಂಡು, ಆ ದಿನದಿಂದ ಒಂದೊಂದೇ ಹಾಳೆ ಹಿಂದಕ್ಕೆ ತಿರುಗಿಸಿದರು. ಪ್ರತಿ ಹಾಳೆಯ ನೆತ್ತಿಯಲ್ಲೂ ನನ್ನ ನೀಟಾದ ಅಕ್ಷರ, ಅದೇ ಸಾಲು. ಅವರು ಅದರ ಮೇಲೆ ಬೆರಳಿಟ್ಟರು.

“ಇದು?”

“ಗೊತ್ತಿಲ್ಲ ಮೇಡಂ.”

ಇನ್ನೊಂದು ಹಾಳೆ.

“ಇದು?”