ಮಾಮಿಯ ಜೊತೆ ಹೋದ ಭಾನುವಾರ

ಅಮೃತಹಳ್ಳಿಯ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲವದು. ತಾತನ ಕಾಲಕ್ಕೆ ಅಲ್ಲೆಲ್ಲ ರಾಗಿ ಹೊಲವಂತೆ. ಹೊಲ ಹೋಗಿ ಉಳಿದ ತುಂಡು ಜಾಗದಲ್ಲಿ ಅಪ್ಪ ಮನೆ ಕಟ್ಟಿ, ಮೇಲೆ ಎರಡು ರೂಮು ಎತ್ತಿಸಿ ಬಾಡಿಗೆಗೆ ಕೊಟ್ಟಿದ್ದ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಲ್ಲಿಗೆ ಮಿಜೋರಾಂ ಕಡೆಯ ತಾಯಿ ಮಗಳು ಬಂದರು. ತಾಯಿ ಸಿಯಾಮಿ ಆಂಟಿ, ಹೆಬ್ಬಾಳದ ಕಡೆ ಒಂದು ಆಸ್ಪತ್ರೆಯಲ್ಲಿ ನರ್ಸ್. ಮಗಳು ನನ್ನದೇ ವಯಸ್ಸಿನವಳು, ಹೆಸರು ಮಾಮಿ.

"ಇಷ್ಟುದ್ದ ಹುಡ್ಗೀಗೆ ಮಾಮಿ ಅಂತ ಹೆಸರಾ?" ಎಂದು ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು. ಆಮೇಲೆ ಅವಳೇ ಅದನ್ನು ಮಾಮಮ್ಮ ಎಂದು ತಿದ್ದಿಕೊಂಡಳು. ಸಂಜೆಯಾದರೆ ಪಕ್ಕದ ಸೈಟಿನಲ್ಲಿ ನಾವಿಬ್ಬರೂ ಕುಂಟೆಬಿಲ್ಲೆ ಆಡುತ್ತಿದ್ದೆವು. ಗೆರೆ ತುಳಿದರೆ ಮಾಮಿ ತಾನೇ ಔಟಾಗಿ ಹೊರಗೆ ನಿಲ್ಲುತ್ತಿದ್ದಳು. ನಾನು ಮಾತ್ರ ತುಳಿದೇ ಇಲ್ಲ ಎಂದು ವಾದಿಸುತ್ತಿದ್ದೆ.

ತೊಂದರೆ ಶುರುವಾದದ್ದು ವಾಸನೆಯಿಂದ. ಅವರು ಸೋಯಾ ಕಾಳನ್ನು ಬೇಯಿಸಿ, ಮುಚ್ಚಿಟ್ಟು, ಹುಳಿಬಂದ ಮೇಲೆ ಸೊಪ್ಪಿನ ಸಾರಿಗೆ ಹಾಕುತ್ತಿದ್ದರು. ಒಲೆಯ ಮೇಲಿಟ್ಟರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಅವರು ಬಂದ ಎರಡನೇ ವರ್ಷ ಎದುರುಮನೆ ರತ್ನಕ್ಕ ಒಂದು ದಿನ ಗೇಟಿನಲ್ಲೇ ನಿಂತು, "ಏನ್ ಮಂಜಣ್ಣ, ನಿಮ್ ಮಾಳಿಗೆ ಮೇಲೆ ಏನೋ ಕೊಳೀತಾ ಐತೆ. ಬಾಗಿಲು ತೆಗ್ಯಂಗಿಲ್ಲ ನಾವು" ಎಂದಳು. ಎರಡನೇ ಸಲ ಅಂದಳು, ಮೂರನೇ ಸಲ ಇನ್ನಿಬ್ಬರನ್ನು ಸೇರಿಸಿಕೊಂಡು ಅಂದಳು. ನಾವೂ ಭಾನುವಾರ ತಲೆಮಾಂಸ ತಿನ್ನುವವರೇ. ಆದರೂ ಅಪ್ಪನಿಗೆ ಬೀದಿಯ ಮಾತಿಗೆ ಹೆದರಿಕೆ. ಮೇಲೆ ಹೋಗಿ, "ಸಿಸ್ಟರ್, ಈ ತಿಂಗಳ ಕೊನೆಗೆ ಬೇರೆ ಮನೆ ನೋಡ್ಕೊಳಿ" ಎಂದು ಹೇಳಿ ಬಂದ. ಆಂಟಿ ಯಾಕೆ ಎಂದೂ ಕೇಳಲಿಲ್ಲವಂತೆ. ಆ ಸಂಜೆ ಮಾಮಿ ಆಟಕ್ಕೆ ಬರಲಿಲ್ಲ.

ಅದಾದ ನಾಲ್ಕೇ ದಿನಕ್ಕೆ ಅಜ್ಜಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದಳು. ಅಪ್ಪ ಅವಳ ರಟ್ಟೆಗೆ ಕೈ ಹಾಕಿ ಎಬ್ಬಿಸಲು ಹೋದಾಗ ಮೇಲಿನಿಂದ ಆಂಟಿ ಕೂಗಿದರು. "ಅಣ್ಣ, ಎತ್ಬೇಡಿ! ಹಾಗೇ ಬಿಡಿ!" ಬರಿಗಾಲಲ್ಲಿ ಮೆಟ್ಟಿಲಿಳಿದು ಬಂದವರು ಅಜ್ಜಿಯ ಎರಡು ಕಾಲಿನ ನಡುವೆ ದಿಂಬಿಟ್ಟು ದುಪಟ್ಟಾದಲ್ಲಿ ಕಟ್ಟಿದರು. ಆಂಬುಲೆನ್ಸ್ ಬರುವವರೆಗೆ ಅವಳ ಕೈ ಹಿಡಿದು ನೆಲದಲ್ಲೇ ಕುಳಿತಿದ್ದರು. ಸೊಂಟದ ಮೂಳೆ ಮುರಿದಿತ್ತು. ಸೋಮವಾರ ಆಪರೇಷನ್ ಎಂದರು ಯಲಹಂಕದ ಡಾಕ್ಟರು.

ಭಾನುವಾರ ಬೆಳಿಗ್ಗೆ ಅಪ್ಪ ಅಮ್ಮ ಇಬ್ಬರೂ ಆಸ್ಪತ್ರೆಗೆ ಹೋಗಬೇಕಾಯಿತು. ನನ್ನನ್ನು ಬಿಟ್ಟುಹೋಗಲು ಬೇರೆ ಮನೆಯಿರಲಿಲ್ಲ. ರತ್ನಕ್ಕ ನೆಂಟರ ಮನೆಗೆ ಹೋಗಿದ್ದಳು. ಅಮ್ಮ ಮೆಟ್ಟಿಲ ಕೆಳಗೆ ನಿಂತು, ಮುಖವೆತ್ತದೆ, "ಸಿಸ್ಟರ್, ಇವಳನ್ನ ಸಂಜೆವರ್ಗೂ..." ಎಂದಳು. "ಕಳ್ಸಿ, ಕಳ್ಸಿ. ಆದ್ರೆ ಚರ್ಚ್ ಇದೆ ಇವತ್ತು. ಕರ್ಕೊಂಡು ಹೋಗ್ಲಾ?" ಎಂದರು ಆಂಟಿ. ಅಮ್ಮ ಹೂಂ ಎಂದಳು. ಅಪ್ಪನಿಗೆ ಹೇಳಲಿಲ್ಲ.

ಹೆಬ್ಬಾಳದಲ್ಲಿ ಬಸ್ಸು ಬದಲಿಸಿ ಆರ್.ಟಿ. ನಗರಕ್ಕೆ ಹೋದೆವು. ಚರ್ಚು ಎಂದರೆ ಗೋಪುರ, ಗಂಟೆ ಇರುತ್ತದೆಂದುಕೊಂಡಿದ್ದೆ. ಅದು ಒಂದು ಸ್ಕೂಲಿನ ಹಾಲ್, ಭಾನುವಾರಕ್ಕೆ ಬಾಡಿಗೆಗೆ ಪಡೆದದ್ದು. ಗೋಡೆಯಲ್ಲಿ ಮಗ್ಗಿ ಚಾರ್ಟು ನೇತಾಡುತ್ತಿತ್ತು. ಹೊಳೆಯುವ ಷೂ ಹಾಕಿದ ಗಂಡಸರು, ಕೆಂಪು ಕಪ್ಪು ಗೆರೆಯ ನೇಯ್ದ ಬಟ್ಟೆ ಸುತ್ತಿಕೊಂಡ ಹೆಂಗಸರು. ಎಲ್ಲರೂ ಮಾಮಿಯ ಹಾಗೇ ಕಾಣುತ್ತಿದ್ದರು. ನಾನೊಬ್ಬಳೇ ಬೇರೆ. ಬಾಗಿಲಲ್ಲಿ ನನಗೆ ಇದ್ದಕ್ಕಿದ್ದಂತೆ ಭಯವಾಯಿತು. ಯಾರೂ ನೋಡದ ಹಾಗೆ ಹಣೆಯ ಕುಂಕುಮ ಒರೆಸಿಕೊಂಡೆ.

ಆಂಟಿ ನೋಡಿಬಿಟ್ಟರು. "ಯಾಕೆ ತೆಗ್ದೆ? ಅಮ್ಮ ಇಟ್ಟಿದ್ದು, ಅಲ್ವಾ?" ಎಂದು ಕರ್ಚೀಫಿನ ತುದಿಯಿಂದ ಹಣೆಯ ಮೇಲೆ ಹರಡಿದ್ದ ಬಣ್ಣವನ್ನು ಒತ್ತಿ ಒತ್ತಿ ಮತ್ತೆ ದುಂಡಗೆ ಮಾಡಿದರು. ನನಗೆ ಅಳು ಬಂತು.

ಹಾಡು ಶುರುವಾಯಿತು. ಮುಂದೆ ಒಬ್ಬರು ದೊಡ್ಡ ಡೋಲು ಬಾರಿಸುತ್ತಿದ್ದರು, ನಮ್ಮೂರ ತಮಟೆಯ ಹಾಗೆ ಜೋರಾಗಿ ಅಲ್ಲ, ನಿಧಾನಕ್ಕೆ. ಇನ್ನೂರು ಜನ ಬೇರೆ ಬೇರೆ ದನಿಯಲ್ಲಿ ಹಾಡಿದರೂ ಒಂದೇ ಹಾಡು ಕೇಳಿಸುತ್ತಿತ್ತು. ನನ್ನ ಪಕ್ಕದಲ್ಲಿ ಮಾಮಿ ಕಣ್ಣು ಮುಚ್ಚಿ, ಮನೆಯಲ್ಲಿ ನಾನು ಕೇಳಿಯೇ ಇರದ ಗಂಟಲಿನಲ್ಲಿ ಹಾಡುತ್ತಿದ್ದಳು. ನನಗೆ ಒಂದಕ್ಷರ ತಿಳಿಯಲಿಲ್ಲ. ನಿದ್ದೆ ಬರುವಂತಾಯಿತು.

ಆಮೇಲೆ ಬಿಳಿಗೂದಲಿನ ಹಿರಿಯರೊಬ್ಬರು ಎದ್ದು ಚೀಟಿ ನೋಡಿ ಪ್ರಾರ್ಥನೆ ಮಾಡಿದರು. ಎಲ್ಲರೂ ತಲೆ ಬಗ್ಗಿಸಿದ್ದರು. ಆ ತಿಳಿಯದ ಮಾತಿನ ನಡುವೆ, ಒಂದೊಂದೇ ಅಕ್ಷರ ಕಷ್ಟಪಟ್ಟು ಎತ್ತಿಡುವ ಹಾಗೆ, ಅವರು ಅಂದರು: "ಪುಟ್ಟ... ನಂಜಮ್ಮ."

ಅದು ನಮ್ಮಜ್ಜಿಯ ಹೆಸರು. ಇನ್ನೂರು ಜನ "ಆಮೆನ್" ಎಂದರು.

ನಾನು ಮಾಮಿಯ ತೋಳು ಹಿಡಿದೆ. "ನಮ್ಮಜ್ಜಿ ಹೆಸರು ಯಾಕೆ ಹೇಳಿದ್ರು?"

"ನಾಳೆ ಆಪರೇಷನ್ ಅಲ್ವಾ? ಅಮ್ಮ ಬರ್ದು ಕೊಟ್ರು" ಎಂದಳು ಅವಳು, ಅದೇನು ದೊಡ್ಡ ವಿಷಯ ಎಂಬಂತೆ.

ಮುಗಿದ ಮೇಲೆ ಹಾಲ್ ಹಿಂದೆ ಚಹಾ ಕೊಟ್ಟರು, ಬೆಂದ ಸೊಪ್ಪಿನ ಜೊತೆ ಅನ್ನ ಕೊಟ್ಟರು. ಮುಖ ನೋಡಿರದ ಹೆಂಗಸರು ಬಂದು ನನ್ನ ಕೆನ್ನೆ ಮುಟ್ಟಿ, "ಅಜ್ಜಿ ಓಕೆ?" ಎಂದು ಕೇಳಿದರು. ನಾನು ಬಾಯಿತುಂಬ ಅನ್ನವಿಟ್ಟುಕೊಂಡು ತಲೆಯಾಡಿಸಿದೆ.

ಸಂಜೆ ಅಪ್ಪ ಬಂದಾಗ ನಾನೇ ಬಾಯಿಬಿಟ್ಟೆ. ಅವನ ಮುಖ ಕೆಂಪಾಯಿತು. "ಚರ್ಚಿಗಾ? ಯಾರು ಕಳ್ಸಿದ್ದು ನಿನ್ನ?" ಅಮ್ಮ ಅಡುಗೆಮನೆಯಿಂದ ಹೊರಬರಲಿಲ್ಲ. ನಾನು ಹೆದರಿಕೊಂಡೇ ಪ್ರಾರ್ಥನೆಯ ವಿಷಯ ಹೇಳಿದೆ.

"ನಮ್ಮಮ್ಮನ್ ಹೆಸರಾ?" ಎಂದ ಅಪ್ಪ. "ಪೂರ್ತಿ ಹೆಸರು ಹೇಳಿದ್ರಾ?"

"ಹೂಂ. ಪುಟ್ಟನಂಜಮ್ಮ ಅಂತ."

ಅವನು ಚಪ್ಪಲಿ ಬಿಚ್ಚದೆ ಹಾಗೇ ಮೆಟ್ಟಿಲು ಹತ್ತಿದ. ನಾನು ಹಿಂದೆಯೇ ಹೋದೆ. ಬಾಗಿಲಲ್ಲಿ ನಿಂತು, "ಸಿಸ್ಟರ್, ಇಲ್ಲೇ ಇದ್ಬಿಡಿ. ಎಲ್ಗೂ ಹೋಗ್ಬೇಡಿ" ಎಂದ. ಒಳಗೆ ರಟ್ಟಿನ ಡಬ್ಬಗಳಲ್ಲಿ ಆಗಲೇ ಪಾತ್ರೆ ತುಂಬಿದ್ದವು. "ಲಿಂಗರಾಜಪುರದಲ್ಲಿ ಮನೆ ಸಿಕ್ತು ಅಣ್ಣ. ಮಾತು ಕೊಟ್ಟಾಗಿದೆ" ಎಂದರು ಆಂಟಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಅಲ್ಲಿ ನಮ್ ಜನ ಇದ್ದಾರೆ. ಯಾರ್ಗೂ ತೊಂದ್ರೆ ಆಗಲ್ಲ." ಅಪ್ಪ ಬಾಗಿಲ ಚೌಕಟ್ಟು ಸವರಿ, ಇಳಿದು ಬಂದ.

ಅಜ್ಜಿ ವಾಕರ್ ಹಿಡಿದು ಮನೆಗೆ ಬರುವಷ್ಟರಲ್ಲಿ ಅವರು ಹೋಗಿದ್ದರು. "ಮಾಮಮ್ಮ ಎಲ್ಲೇ?" ಎಂದು ಕೇಳಿದಳು. ಅಮ್ಮ ನಡೆದದ್ದು ಹೇಳಿದಾಗ ಅಜ್ಜಿ ಅಪ್ಪನನ್ನು ದಿಟ್ಟಿಸಿದಳು. "ಅವ್ರ ಅಡುಗೆಮನೆ ಕಿಟಕಿ ಕೆಳ್ಗೆ ಮಲಗ್ತಿದ್ದೋಳು ನಾನು ಕಣೋ. ನನ್ನೊಂದ್ ಮಾತು ಕೇಳಿದ್ಯಾ ನೀನು?"

ಅಪ್ಪ ಆಮೇಲೆ ಯಾವ ಬಾಡಿಗೆದಾರರ ಹತ್ತಿರವೂ ಅಡುಗೆಯ ಮಾತೆತ್ತಲಿಲ್ಲ. ಈಗ ಬೀದಿಯಲ್ಲಿ ಒಂದು ಸೈಟೂ ಖಾಲಿಯಿಲ್ಲ. ನಮ್ಮ ಮನೆಯ ಮೇಲೂ ಮೂರು ಮಹಡಿ ಎದ್ದಿದೆ. ಅಜ್ಜಿ ಇನ್ನೂ ಏಳು ವರ್ಷ ಓಡಾಡಿಕೊಂಡಿದ್ದಳು. ಅವಳು ತೀರಿಕೊಂಡಾಗ ಈ ಸುದ್ದಿ ಅವರಿಗೆ ತಲುಪಬೇಕು ಎಂದು ನನಗನ್ನಿಸಿತು. ಆರ್.ಟಿ. ನಗರದ ಆ ಸ್ಕೂಲಿಗೆ ಹೋದೆ, ಚರ್ಚು ಅಲ್ಲಿಂದ ಎದ್ದುಹೋಗಿತ್ತು. ಲಿಂಗರಾಜಪುರದಲ್ಲಿ ಎರಡು ಭಾನುವಾರ ತಿರುಗಿದೆ. ಫೋನಿನಲ್ಲಿ ಹುಡುಕಿದೆ. ಎಲ್ಲ ಕಡೆ ಒಂದೇ ಪ್ರಶ್ನೆ: ಯಾವ ಸಿಯಾಮಿ, ಯಾವ ಮಾಮಿ? ಅವು ಅವರಲ್ಲಿ ಮನೆಮನೆಯಲ್ಲೂ ಇರುವ ಕರೆಯುವ ಹೆಸರುಗಳಂತೆ. ಅಪ್ಪನನ್ನು ಕೇಳಿದೆ, ಅಮ್ಮನನ್ನು ಕೇಳಿದೆ. ಎರಡು ವರ್ಷ ನಮ್ಮ ತಲೆಯ ಮೇಲೆ ಓಡಾಡಿದ ಆ ಇಬ್ಬರ ಪೂರ್ತಿ ಹೆಸರು ನಮ್ಮ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.