ತಿಂಗಳ ಕತ್ತರಿ, ವರ್ಷದ ಲೆಕ್ಕ

ಇಲ್ಲ ಸ್ವಾಮಿ, ಹಾಗೆ ತಲೆ ಅಲ್ಲಾಡಿಸಬೇಡಿ. ಇಳಿಜಾರಿನಲ್ಲಿ ಬ್ರೇಕು ಹೋದಾಗ ನಾನು ಪ್ರಯಾಣಿಕರನ್ನೆಲ್ಲ ಹಿಂದಿನ ಸೀಟಿಗೆ ಓಡಿಸಿ, ಬರೀ ಅವರ ಭಾರದಿಂದಲೇ ಬಸ್ಸು ನಿಲ್ಲಿಸಿದ್ದನ್ನು ನಂಬದಿದ್ದರೆ ಬೇಡ. ಅದರಲ್ಲಿ ಈಗೀಗ ನನಗೇ ಸ್ವಲ್ಪ ಅನುಮಾನ. ಆದರೆ ನನ್ನ ಸೊಸೆ ಲೆಕ್ಕ ಮಾಡಿ ಮಾಡಿ ಸೋತು ಹೋಗಿದ್ದಾಳೆ ಅಂದರೆ ಅದನ್ನೂ ನಂಬುವುದಿಲ್ಲವೇ? "ಕುರ್ಚಿ ಮೇಲೆ ಕೂತು ಕೂಡಿ ಕಳೆಯೋರಿಗೆ ಎಂಥಾ ಸುಸ್ತು?" ಅನ್ನುತ್ತೀರಿ. ಜೀವನವಿಡೀ ಕುರ್ಚಿಯ ಮೇಲೆ ಕೂತೇ ಬಸ್ಸು ಓಡಿಸಿದವನ ಎದುರು ಆ ಮಾತು ಆಡಬೇಡಿ.

ಅವಳು ವಿದ್ಯಾರ್ಥಿ ಸಾಲದ ಕಚೇರಿಯಲ್ಲಿದ್ದಾಳೆ. ಓದುವುದಕ್ಕೆ ಸಾಲ ಕೊಟ್ಟು, ದುಡಿಯಲು ಶುರುಮಾಡಿದ ಮೇಲೆ ಸಂಬಳದಿಂದ ಕತ್ತರಿಸಿಕೊಳ್ಳುವ ಕಚೇರಿ. ಎಷ್ಟು ಕತ್ತರಿಸಬೇಕು, ಯಾವಾಗ ನಿಲ್ಲಿಸಬೇಕು ಎನ್ನುವುದನ್ನು ಗಣಿತದಿಂದ ಹೇಳುವುದು ಇವಳ ಕೆಲಸ. ಒಮ್ಮೆ ಅವಳು ಮರೆತ ಕನ್ನಡಕ ಕೊಡಲು ಹೋಗಿದ್ದೆ. ಜೆರಾಕ್ಸ್ ಯಂತ್ರದ ಹಿಂದೆ, ಕಿಟಕಿಯಿಲ್ಲದ ಒಂದು ಗೂಡು. ಗೋಡೆಯ ತುಂಬ ಹಾವಿನಂಥ ಗೆರೆಗಳ ಹಾಳೆಗಳು. ಫ್ಯಾನ್ ಹಾಕಿದರೆ ಹಾಳೆ ಹಾರುತ್ತವೆ, ಹಾಕದಿದ್ದರೆ ಇವಳು ಬೇಯುತ್ತಾಳೆ. ಹಾಳೆಗಳೇ ಗೆದ್ದಿದ್ದವು.

ಅವಳಿಗೊಬ್ಬ ತಮ್ಮ. ನಾಟಕದ ಕಂಪನಿಗಳಿಗೆ ದೀಪ ಹಾಕುವವನು. ನಮ್ಮ ಮನೆಯಲ್ಲಿ ಅವನಿಗೆ 'ಬಲ್ಬು' ಅಂತಲೇ ಹೆಸರು. ಅವನು ಬೆಳಕು ಬಿಟ್ಟರೆ ಮುಪ್ಪಾನು ಮುದುಕಿಯೂ ರಾಜಕುಮಾರಿ. ಒಂದು ಸಲ ಅವನು ರಂಗದ ಮೇಲೆ ಎಂಥಾ ಬೆಳಗಿನ ಜಾವ ತೋರಿಸಿದ ಅಂದರೆ, ಪಕ್ಕದ ಬೀದಿಯ ಕೋಳಿಗಳು ಕೂಗಿದವು. ಕೇಳಿ ಬೇಕಾದರೆ. ಕೋಳಿಗಳನ್ನಲ್ಲ, ಅವನನ್ನು.

ಇವನೂ ಸಾಲ ಮಾಡಿಯೇ ಓದಿದ್ದು. ಅಲ್ಲಿಯೇ ತೊಡಕು. ಹಳೆಯ ನಿಯಮ ಹೀಗೆ: ತಿಂಗಳಿಗೆ ಇಪ್ಪತ್ತೈದು ಸಾವಿರದವರೆಗೆ ಏನೂ ಕತ್ತರಿಸುವಂತಿಲ್ಲ, ಅದರ ಮೇಲೆ ಬಂದದ್ದರಲ್ಲಿ ಹತ್ತರಲ್ಲೊಂದು ಪಾಲು. ಕೇಳಲು ಎಷ್ಟು ಚೆಂದ! ಆದರೆ ಬಲ್ಬಿಗೆ ನಾಟಕವಿದ್ದ ತಿಂಗಳು ನಲವತ್ತು ಬರುತ್ತದೆ, ಮರುತಿಂಗಳು ಸೊನ್ನೆ. ಅವನ ಪಕ್ಕದ ಕೋಣೆಯ ಟೈಪಿಸ್ಟಿಗೆ ತಿಂಗಳು ತಿಂಗಳೂ ಇಪ್ಪತ್ತು. ವರ್ಷಕ್ಕೆ ಕೂಡಿದರೆ ಇಬ್ಬರ ದುಡಿಮೆಯೂ ಒಂದೇ. ಟೈಪಿಸ್ಟಿಗೆ ಕತ್ತರಿ ಇಲ್ಲ, ಬಲ್ಬಿಗೆ ಇದೆ.

"ಮೇಲೆ ಹೋದಾಗ ಕತ್ತರಿಸ್ತೀವಿ ಮಾವ, ಕೆಳಗೆ ಬಿದ್ದಾಗ ಹಿಡ್ಕೊಳ್ಳಲ್ಲ," ಅಂದಿದ್ದಳು ಸೊಸೆ ಒಂದು ರಾತ್ರಿ ಊಟದ ಮೇಜಿನಲ್ಲಿ, ಬಲ್ಬು ಎದುರಿಗಿದ್ದಾಗಲೇ. "ಏರುಪೇರಿನ ಆದಾಯದೋರಿಗೆ ಇದು ದಂಡ ಹಾಕಿದ ಹಾಗೆ."

ಕತ್ತರಿಸಿದ್ದು ಅವನ ಸಾಲಕ್ಕೇ ತಾನೇ ಜಮಾ ಆಗುತ್ತದೆ ಅನ್ನುತ್ತೀರಾ? ಆಗುತ್ತದೆ. ಸೊನ್ನೆ ಬಂದ ತಿಂಗಳಲ್ಲಿ ಕೋಣೆಯ ಬಾಡಿಗೆ ಕೊಡುವವರು ಯಾರು, ನೀವಾ?

ಆ ರಾತ್ರಿ ಅವಳು ಹೇಳಿದ್ದನ್ನು ಬಲ್ಬು ಪೂರ್ತಿಯಾಗಿ, ಅತಿಯಾಗಿ ಅರ್ಥಮಾಡಿಕೊಂಡ. ಮರುದಿನ ನೇರ ಕಂಪನಿ ಮಾಲೀಕನ ಹತ್ತಿರ ಹೋಗಿ, "ಸೀಸನ್ ದುಡ್ಡು ಒಟ್ಟಿಗೆ ಕೊಡಬೇಡಿ ಸಾರ್, ನೀವೇ ಹಿಡಿದಿಟ್ಕೊಂಡು ತಿಂಗಳು ತಿಂಗಳು ಸಮನಾಗಿ ಕೊಡಿ" ಅಂದ. ದೀಪದವನು ತಾನೇ ಬಂದು ಸಂಬಳ ಬೇಡ ಅಂದದ್ದು ಆ ಮನುಷ್ಯನಿಗೆ ಕನಸಿನ ಹಾಗಿತ್ತು. ಹಿಡಿದಿಟ್ಟುಕೊಂಡ. ಚೆನ್ನಾಗಿಯೇ ಹಿಡಿದ. ಕಂಪನಿ ಮುಚ್ಚಿದ ಮೇಲೂ ಹಿಡಿತ ಸಡಿಲಿಸಲಿಲ್ಲ. ಈಗ ಅವನಿಗೆ ಫೋನ್ ಮಾಡಿದರೆ ಒಂದು ಹೆಣ್ಣು ದನಿ 'ಈ ಸಂಖ್ಯೆ ಚಾಲ್ತಿಯಲ್ಲಿಲ್ಲ' ಅನ್ನುತ್ತದೆ.

ಬಲ್ಬು ಅಕ್ಕನನ್ನು ಒಂದು ಮಾತೂ ಅನ್ನಲಿಲ್ಲ. ಅದೇ ಅವಳನ್ನು ತಿಂದುಹಾಕಿತು. ಅವನ ಬಾಡಿಗೆ ಬಾಕಿ ಬೆಳೆಯಿತು. ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕಾಯಂ ಕೆಲಸವೊಂದಿತ್ತು. ದೀಪ ಬಿಟ್ಟು ಅದಕ್ಕೆ ಸೇರಿಕೊಳ್ಳುವುದೊಂದೇ ದಾರಿ.

"ಸ್ವಲ್ಪ ತಡಿಯೋ," ಅಂದಳು ಇವಳು. "ಹೊಸ ನಿಯಮ ಬರ್ತಿದೆ. ವರ್ಷಕ್ಕೆ ಒಟ್ಟಿಗೇ ಲೆಕ್ಕ. ಇಲ್ಲೀತನಕ ಹೆಚ್ಚಿಗೆ ಕತ್ತರಿಸಿದ್ದು ವಾಪಸ್ ಬರುತ್ತೆ. ನಿನ್ನ ಬಾಕಿ ತೀರುತ್ತೆ, ದೀಪನೂ ಉಳಿಯುತ್ತೆ."

ಅವನು ಕಾದ. ಇವಳು ದುಡಿದಳು. ನರ್ಸು, ಚಾಲಕ, ಹೊಲಿಗೆಯವಳು, ಅರ್ಧಕ್ಕೆ ಓದು ಬಿಟ್ಟು ಕಸ ಗುಡಿಸುವವಳು, ಹೀಗೆ ಸಾವಿರಾರು ಜನರ ದುಡಿಮೆಯನ್ನು ಕಂಪ್ಯೂಟರಿನಲ್ಲಿ ಏರಿಸಿ ಇಳಿಸಿ, ಲೆಕ್ಕದಲ್ಲೇ ಅವರ ಕೆಲಸ ಕಳೆದು, ಅವರಿಗೆ ಕಾಯಿಲೆ ಬರಿಸಿ ನೋಡಿದಳು. ಕಣ್ಣು ಗುಳಿ ಬಿದ್ದಿತ್ತು. ಟೀ ಲೋಟಕ್ಕೆ ಸಕ್ಕರೆ ಹಾಕಿ, ಕಲಕಿ, ಟೀ ಹಾಕಲು ಮರೆತು ಕುಡಿಯಲು ಎತ್ತುತ್ತಿದ್ದಳು.

ಲೆಕ್ಕ ಸರಿಹೋಯಿತು, ಹಣ ಹೊಂದಲಿಲ್ಲ. ಎಲ್ಲರಿಗೂ ವಾಪಸ್ ಕೊಟ್ಟರೆ ಮುಂದಿನ ಮಕ್ಕಳಿಗೆ ಸಾಲ ಕೊಡಲು ಪೆಟ್ಟಿಗೆಯಲ್ಲಿ ಏನೂ ಉಳಿಯದು. ಮೇಲಧಿಕಾರಿ ಕೆಟ್ಟವರಲ್ಲ. "ಎರಡು ದಾರಿ ಇದೆಯಮ್ಮ," ಅಂದರಂತೆ. "ಇಪ್ಪತ್ತೈದರ ಗೆರೆನ ಕೆಳಗಿಳಿಸು, ಇಲ್ಲಾ ಹೊಸದಾಗಿ ಸಾಲ ತಗೊಳ್ಳೋರಿಗೆ ಮಾತ್ರ ಈ ನಿಯಮ ಮಾಡು. ಯಾವುದು ನ್ಯಾಯ ಅಂತ ನೀನೇ ಬರೆದುಕೊಡು. ನಾನು ಸಹಿ ಹಾಕ್ತೀನಿ."

ಗೆರೆ ಇಳಿಸಿದರೆ ಆ ಕಸ ಗುಡಿಸುವವಳ ಸಂಬಳಕ್ಕೂ ಕತ್ತರಿ. ಇಳಿಸದಿದ್ದರೆ ಬಲ್ಬು ಹೊರಗೆ. ಸೊಸೆ ಎರಡನ್ನೂ ಮತ್ತೆ ಮತ್ತೆ ಲೆಕ್ಕ ಹಾಕಿದಳು. ಪ್ರತಿ ಸಲವೂ ಉತ್ತರ ಅದೇ. ಲೆಕ್ಕಕ್ಕೆ ಅಕ್ಕ ತಮ್ಮ ಗೊತ್ತಾಗುವುದಿಲ್ಲವಲ್ಲ. ಹೊಸಬರಿಗೆ ಮಾತ್ರ ಎಂದು ಬರೆದುಕೊಟ್ಟು ಬಂದಳು.

ನಿನ್ನೆ ಸಂಜೆ ಬಲ್ಬು ಬಾಗಿಲಲ್ಲೇ ನಿಂತು ಕೇಳಿದ. "ಅಕ್ಕಾ, ನಿಯಮ ಬಂತಂತೆ?"

"ಬಂತು."

"ನನಗೆ?"

"ನಿನಗಿಲ್ಲ ಕಣೋ. ಹಳಬರಿಗೆ ಯಾರಿಗೂ ಇಲ್ಲ."

"ಯಾರು ಕೈಬಿಟ್ಟಿದ್ದು?"

"ನಾನೇ."

ಅವನು ಚಪ್ಪಲಿ ಬಿಡಲೇ ಇಲ್ಲ. ಹಾಗೇ ಮೆಟ್ಟಿಲಿಳಿದು ಹೋದ. ನನಗೆ ತಡೆಯಲಾಗಲಿಲ್ಲ. "ಅಲ್ಲಮ್ಮ, ಮೇಲಿನೋರು ಮಾಡಿದ್ದು ಅಂದಿದ್ರೆ ಮುಗೀತಿತ್ತಲ್ಲ?"

"ಸುಳ್ಳು ಹೇಳೋಕೆ ಮನೇಲಿ ನೀವಿದೀರಲ್ಲ ಮಾವ," ಅಂದಳು. ನಗಲೂ ಇಲ್ಲ, ಅಳಲೂ ಇಲ್ಲ. ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಇಷ್ಟು ವರ್ಷ ಬಸ್ಸಿನಲ್ಲಿ ಕೊನೆಯ ಟ್ರಿಪ್ಪಿನ ಜನರನ್ನು ನೋಡಿದ್ದೇನೆ. ಅಂಥ ದಣಿವು ನೋಡಿರಲಿಲ್ಲ. ಇದರಲ್ಲಿ ಒಂದಕ್ಷರವೂ ನಾನು ಸೇರಿಸಿದ್ದಲ್ಲ.

ಇವತ್ತು ಮಧ್ಯಾಹ್ನ ಅವನು ಮತ್ತೆ ಬಂದ. ಕೋಣೆ ಖಾಲಿ ಮಾಡಿ, ಹಾಸಿಗೆ ಸುರುಳಿ ಮತ್ತು ಒಂದು ಡಬ್ಬಿ ತುಂಬ ಬಣ್ಣದ ಗಾಜು ಹೊತ್ತುಕೊಂಡು. ನನ್ನ ಕೋಣೆಯಲ್ಲೇ ಮಲಗುತ್ತಾನೆ. ನಾಳೆಯಿಂದ ಗೋದಾಮು. ಅಕ್ಕ ಅವನ ಹಾಸಿಗೆ ಬಿಡಿಸಿ, ತನ್ನ ದಿಂಬು ತಂದಿಟ್ಟಳು. ಅವನು ಬೇಡ ಅನ್ನಲಿಲ್ಲ.

ಈಗ ನೀವೇ ಹೇಳಿ, ಅವಳು ಬರೆದದ್ದು ಸರಿಯಾ ತಪ್ಪಾ? ತಲೆ ಅಲ್ಲಾಡಿಸುವುದು ಬಿಟ್ಟು ಬಾಯಿ ಬಿಟ್ಟು ಹೇಳಿ. ನಾನಂತೂ...

"ರೀ! ಯಾರ ಹತ್ರ ಒದರ್ತಾ ಕೂತಿದೀರಿ? ತಟ್ಟೆ ಹಾಕಿ ಎಷ್ಟೊತ್ತಾಯ್ತು! ಅಕ್ಕ ತಮ್ಮ ಎದುರುಬದುರು ಕೂತು ಉಪ್ಪಿನ ಡಬ್ಬಿ ನೋಡ್ತಿದಾರೆ, ಒಂದು ತುತ್ತೂ ಇಳೀತಿಲ್ಲ. ಬಂದು ಮಧ್ಯೆ ಕೂತು ಏನಾದ್ರೂ ಬುರುಡೆ ಬಿಡಿ, ಬನ್ನಿ!"

ಬಂದೆ ಕಣೇ, ಬಂದೆ.