ಪಿಕಪ್ಪಿನಲ್ಲಿ ಹೋದ ಸಂಸಾರ

ಮೊನ್ನೆ ಸೊಸೆ ಮಿಕ್ಕಿದ ಖುಬ್ಬೂಸನ್ನು ಮಟನ್ ಸಾರಿಗೆ ಹಾಕಿ ಬಿಸಿ ಮಾಡುತ್ತಿದ್ದಳು. ಒಣಗಿದ ರೊಟ್ಟಿ ಸಾರು ಹೀರಿ ಉಬ್ಬುವಾಗಿನ ಆ ವಾಸನೆ ಬಂದದ್ದೇ ತಡ, ಉಡುಪಿಯ ಮನೆಯಲ್ಲಿ ಕುಳಿತಲ್ಲೇ ನಾನು ಸೌದಿಯ ಖಮೀಸ್ ಮುಶೈತ್‌ಗೆ ಹೋಗಿಬಿಟ್ಟೆ. ಅಲ್ಲಿ ಮೇಲಿನ ಮನೆಯ ಖಾಲಾ ಅದೇ ವಾಸನೆಯ ಪಾತ್ರೆ ಹಿಡಿದು ಮೆಟ್ಟಿಲು ಇಳಿದು ಬರುತ್ತಿದ್ದರು...

ಎಂಬತ್ತರ ದಶಕದ ನಡುವಿನ ಮಾತು. ಮದುವೆಯ ಮದರಂಗಿ ಮಾಸುವ ಮೊದಲೇ ನನ್ನವರು ಸೌದಿಗೆ ಮರಳಿದ್ದರು. ವೀಸಾ ಸಿಕ್ಕಿ ನಾನು ಹೋಗುವಾಗ ವರ್ಷ ಕಳೆದು, ವಿಮಾನ ನಿಲ್ದಾಣದಲ್ಲಿ ಅವರ ಮುಖ ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಅವರಿಗೆ ವಾಹನದ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸ. ಒಳ್ಳೆಯವರೇ, ಆದರೆ ಮಾತು ಕಡಿಮೆ. ಸಾರು ಹೇಗಾಗಿದೆ ಎಂದರೆ ‘ಅಡ್ಡಿಯಿಲ್ಲ’ ಎನ್ನುವರು, ಅಷ್ಟೇ. ನನಗೋ ನಾಚಿಕೆ. ಒಂದೇ ಚಾಪೆಯ ಮೇಲೆ ಇಬ್ಬರು ಅತಿಥಿಗಳ ಹಾಗೆ ಕುಳಿತು ಉಣ್ಣುತ್ತಿದ್ದೆವು.

ಚಿಕ್ಕಮ್ಮ ಎಂಬರ್ಥದಲ್ಲಿ ನಾನು ಖಾಲಾ ಎನ್ನುತ್ತಿದ್ದ ಆ ಮೇಲಿನ ಮನೆಯವರು ಭಟ್ಕಳದವರು. ಗಂಡನಿಗೆ ಖಮೀಸ್‌ನಲ್ಲಿ ಬಟ್ಟೆಯಂಗಡಿ ಇತ್ತು. ಮಕ್ಕಳು ಊರಿನಲ್ಲಿ ಅಜ್ಜಿಯ ಬಳಿ ಓದುತ್ತಿದ್ದರು. ಅವರ ಮನೆಮಾತು ನವಾಯತಿ, ನನ್ನದು ಬ್ಯಾರಿ. ಹಾಗಾಗಿ ನಮ್ಮ ಮಾತೆಲ್ಲ ಕನ್ನಡದಲ್ಲಿ. ಪಕ್ಕದ ಖಾಲಿ ಜಾಗದಲ್ಲಿದ್ದ ಬೀದಿನಾಯಿಯೊಂದಿಗೂ ಅವರು ಕನ್ನಡವನ್ನೇ ಆಡುತ್ತಿದ್ದರು. ಆ ಮರಳುಬಣ್ಣದ ಹೆಣ್ಣುನಾಯಿ ಅಲ್ಲಿ ಬಿದ್ದಿದ್ದ ಸಿಮೆಂಟು ಪೈಪಿನೊಳಗೆ ಮರಿ ಹಾಕಿತ್ತು. ಖಮೀಸ್ ಎತ್ತರದ ಊರು. ಚಳಿಗಾಲದಲ್ಲಿ ಮಂಜು ಇಳಿದರೆ ನಮಗೇ ಹಲ್ಲು ಕಟಕಟ ಎನ್ನುತ್ತಿತ್ತು. ಖಾಲಾ ಪೈಪಿನೊಳಗೆ ಹಳೆಯ ಕಂಬಳಿ ತುರುಕಿದ್ದರು.

ನಾಯಿ ಮುಟ್ಟಿದರೆ ನಮಾಜಿಗೆ ಏನು ಗತಿ ಎಂದು ನಾನು ಹಿಂದೆ ಸರಿದಾಗ ಅವರು ಕಣ್ಣು ದೊಡ್ಡದು ಮಾಡಿ ನೋಡಿದರು.

“ನೆಕ್ಕಿದರೆ ಮಣ್ಣು ಹಚ್ಚಿ ತೊಳೆಯುವುದು. ತೊಳೆಯಲಿಕ್ಕೆ ನೀರೂ ಅವನೇ ಕೊಟ್ಟಿದ್ದಾನಲ್ಲ ಮಾರಾಯ್ತಿ.”

ಅಂದಿನಿಂದ ನಾನೂ ನಾಯಿಗೆ ಸಾರು-ಖುಬ್ಬೂಸಿನ ಪಾತ್ರೆ ಹಿಡಿದು ಇಳಿಯತೊಡಗಿದೆ.

ಒಂದು ದಿನ ಕಟ್ಟಡದ ಮಾಲೀಕ ಬಂದು, ನಾಯಿಗಳ ಕಾಟ ಜಾಸ್ತಿಯಾಗಿದೆ, ಶನಿವಾರ ವಿಷದ ಮಾಂಸ ಹಾಕಿಸುತ್ತೇನೆ, ಯಾರೂ ಆ ಕಡೆ ಹೋಗಬೇಡಿ ಎಂದು ಹೇಳಿ ಹೋದ. ಖಾಲಾ ಅಂದು ಊಟ ಮಾಡಲಿಲ್ಲ. ಅವರಿಗೆ ತುಪ್ಪ ತಂದು ಕೊಡುತ್ತಿದ್ದ ಅರಬ್ಬಿ ಮುದುಕನೊಬ್ಬನಿದ್ದ. ಊರಾಚೆ ಗುಡ್ಡದಲ್ಲಿ ಅವನ ಕುರಿ ಹಿಂಡು. ತೋಳದ ಕಾಟಕ್ಕೆ ಅವನಿಗೆ ನಾಯಿ ಬೇಕಿತ್ತು. ಆದರೆ ಅಲ್ಲಿಗೆ ಒಯ್ಯುವವರು ಯಾರು? ಖಾಲಾರ ಗಂಡ ಸರಕು ತರಲು ಜಿದ್ದಾಕ್ಕೆ ಹೋಗಿದ್ದರು. ಖಾಲಾ ನೇರ ನನ್ನವರ ಮುಂದೆ ಬಂದು ನಿಂತರು. ನನ್ನವರ ಬಳಿ ಅಂಗಡಿಯ ಪಿಕಪ್ಪು ಇತ್ತು. ಕೆಲಸಕ್ಕಿಟ್ಟುಕೊಂಡ ಯಜಮಾನ, ಕಫೀಲ್, ನೋಡಿದರೆ ಎಂಬ ಹೆದರಿಕೆ ಒಂದು, ಅದಕ್ಕಿಂತ ದೊಡ್ಡದು ಇನ್ನೊಂದು. ನೆಲ ನೋಡುತ್ತಾ, ಚಿಕ್ಕಂದಿನಲ್ಲಿ ನಾಯಿ ಕಚ್ಚಿದೆ, ಈಗಲೂ ಕಂಡರೆ ಬೇರೆ ಬೀದಿ ಹಿಡಿಯುತ್ತೇನೆ ಎಂದರು. ಗಂಡನ ಬಗ್ಗೆ ನನಗೆ ತಿಳಿದ ಮೊದಲ ಗುಟ್ಟು ಅದು.

ಆದರೂ ಶುಕ್ರವಾರ ಬೆಳಿಗ್ಗೆ ಗಾಡಿ ತಂದರು. ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಮರಿಗಳನ್ನು ಹಿಂದೆ ಇಟ್ಟೆವು. ತಾಯಿ ತಾನಾಗಿಯೇ ಹಾರಿ ಹತ್ತಿತು. ನನ್ನವರು ಮಾತ್ರ, ನಾವಿಬ್ಬರು ಹಿಂಬಾಗಿಲು ಹಾಕಿ ಮುಂದೆ ಬಂದು ಪಕ್ಕ ಕೂರುವ ತನಕ, ಸೀಟಿನಿಂದ ಕದಲಲಿಲ್ಲ.

ಊರ ಹೊರಗಿನ ತಪಾಸಣೆಯಲ್ಲಿ ಪೊಲೀಸನು ಗಾಡಿ ನಿಲ್ಲಿಸಿ, ವಾಸದ ಪರವಾನಗಿ ಇಕಾಮಾ ನೋಡಿ, ಹಿಂದೆ ಏನಿದೆ ಎಂದು ಕೇಳಿದ. ನನ್ನವರಿಗೆ ನಾಯಿಗೆ ಅರಬ್ಬಿಯಲ್ಲಿ ಏನೆನ್ನುವುದೆಂದೇ ಮರೆತುಹೋಯಿತು. ಹೆಂಗಸರಿರುವ ಗಾಡಿಯನ್ನು ಹೆಚ್ಚು ತಡೆಯುವುದಿಲ್ಲವೆಂಬ ಧೈರ್ಯಕ್ಕೆ, ಒಂದೇ ಉಸಿರಿಗೆ, ಕುಟುಂಬ ಎಂದುಬಿಟ್ಟರು. ಅದೇ ಹೊತ್ತಿಗೆ ಮರಿಗಳೆಲ್ಲ ಒಟ್ಟಿಗೆ ಕುಂಯ್‌ಗುಟ್ಟಿದವು. ಪೊಲೀಸನು ಹಿಂದೆ ಹೋಗಿ ಇಣುಕಿದ. ಮರಳಿ ಬರುವಾಗ ಅವನ ಮೀಸೆ ಕುಣಿಯುತ್ತಿತ್ತು.

“ಮಾಶಾ ಅಲ್ಲಾಹ್, ದೊಡ್ಡ ಕುಟುಂಬ. ಯಲ್ಲಾ, ಹೋಗು.”

ಸ್ವಲ್ಪ ದೂರ ಹೋಗುತ್ತಲೇ ಖಾಲಾ ಮುಸುಕಿನೊಳಗೇ ನಗತೊಡಗಿದರು. ನನಗೂ ತಡೆಯಲಾಗಲಿಲ್ಲ. ನನ್ನವರು ಗಾಡಿಯನ್ನು ಬದಿಗೆ ನಿಲ್ಲಿಸಿ ಸ್ಟೇರಿಂಗಿಗೆ ಹಣೆ ಹಚ್ಚಿ ನಕ್ಕರು. ಅವರು ಹಾಗೆ ನಗಬಲ್ಲರೆಂದು ನನಗೆ ಗೊತ್ತೇ ಇರಲಿಲ್ಲ.

ಗುಡ್ಡದ ಮೇಲೆ ಹೊಸ ತಕರಾರು. ಮುದುಕ ಎಷ್ಟು ಕರೆದರೂ ನಾಯಿ ಕದಲದು. ಅದಕ್ಕೆ ಅರಬ್ಬಿ ತಿಳಿಯದು. ಖಾಲಾ ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ‘ಬಾ’ ಎನ್ನಲು ಕಲಿಸಿದರು. ಕೆಲವು ವಾರ ಬಿಟ್ಟು ನೋಡಲು ಹೋದಾಗ ಆ ಬೋಳು ಗುಡ್ಡದಲ್ಲಿ ಮುದುಕ “ಬಾ, ಬಾ” ಎಂದು ಕೂಗುತ್ತಿದ್ದ, ಕುರಿಗಳೂ ಬರುತ್ತಿದ್ದವು!

ನಾಯಿಗಳನ್ನು ಬಿಟ್ಟು ಬಂದ ದಿನ ಮನೆಗೆ ಮರಳಿದ ಮೇಲೆ ನಾವಿಬ್ಬರು ಬಹಳ ಹೊತ್ತು ಮಾತಾಡಿದೆವು. ನಮ್ಮ ಸಂಸಾರ ಶುರುವಾದದ್ದು ಆ ಶುಕ್ರವಾರದಿಂದ ಎಂದೇ ನನ್ನ ಲೆಕ್ಕ.

ಕೆಲವು ವರ್ಷಗಳಲ್ಲಿ ಖಾಲಾ ಭಟ್ಕಳಕ್ಕೆ ಮರಳಿದರು. ಮದುವೆಗಳಲ್ಲಿ ಸಿಗುತ್ತಿದ್ದೆವು... ಕಳೆದ ರಂಜಾನಿನ ನಂತರ ಅವರು ತೀರಿಕೊಂಡ ಸುದ್ದಿ ಬಂತು. ನಾವಿಬ್ಬರೂ ಹೋದೆವು. ಮನೆ ತುಂಬ ಜನ. ಖಾಲಾರ ಮಗನಿಗೆ ಪಿಕಪ್ಪಿನ ಕಥೆ ಹೇಳಿದರೆ ಅವನು ಬೆರಗಾದ. ತಾಯಿ ಅದನ್ನೆಂದೂ ಹೇಳಿರಲಿಲ್ಲ. ಅತ್ತು ಕೆಂಪಾದ ಕಣ್ಣಲ್ಲೇ ನಕ್ಕು ಒಳಗಿದ್ದ ತಂಗಿಯನ್ನು ಕರೆತಂದು, ಇವಳಿಗೂ ಹೇಳಿ ಎಂದ.

ಎರಡನೆಯ ಸಲ ಪೊಲೀಸನ ಮಾತನ್ನು ನನ್ನವರೇ ಹೇಳಲು ಹೊರಟರು. ಅರ್ಧಕ್ಕೆ ನಿಲ್ಲಿಸಿ ಕನ್ನಡಕ ತೆಗೆದು ಒರೆಸತೊಡಗಿದರು. ಉಳಿದದ್ದನ್ನು ನಾನು ಹೇಳಿ ಮುಗಿಸಿದೆ.